ಬಾಟಲಿ ತಲೆಕೆಳಗು ಮಾಡಿದ್ರೆ ಇಳಿಯೋದು ಗ್ಲಿಸರಿನ್ನಾ? ಬಿಯರ್ ಒಳಗಿರೋ ಬೇರೆ ‘ಕೆಮಿಕಲ್’ಗಳ ಕಥೆ ಏನು?

ಗಾಳಿಬೀಡು ಹೋಂಸ್ಟೇ:

ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ. ಇಲ್ಲಿಗೆ ಬರೋ ಗೆಸ್ಟುಗಳು ತಾವೇ ತಂದ ಬಿಯರನ್ನ ನೇರವಾಗಿ ಕುಡಿಯೋದೇ ಇಲ್ಲ. ಮುಚ್ಚಳ ತೆಗೆದು, ಬಾಯಿಗೆ ಹೆಬ್ಬೆರಳು ಒತ್ತಿ, ಬಾಟಲಿ ತಲೆಕೆಳಗು ಮಾಡಿ, ನೀರು ತುಂಬಿದ ಲೋಟದಲ್ಲಿ ಕತ್ತು ಮುಳುಗಿಸಿ ಹಿಡೀತಾರೆ. ಎಣ್ಣೆ ಇಳಿದ ಹಾಗೆ ಎಳೆ ಎಳೆಯಾಗಿ ಏನೋ ಕೆಳಗೆ ಇಳಿಯುತ್ತೆ. ‘ನೋಡಿ ಗ್ಲಿಸರಿನ್, ಕೆಡದ ಹಾಗೆ ಕಂಪನಿಯವರು ಹಾಕ್ತಾರೆ’ ಅಂತ ಆ ನೀರು ಚೆಲ್ಲಿ ಆಮೇಲೆ ಕುಡೀತಾರೆ. ನನ್ನ ಪ್ರಶ್ನೆಗಳು:

ಆ ಇಳಿಯೋದು ನಿಜವಾಗಲೂ ಏನು? ವಾಟ್ಸಾಪಲ್ಲಿ ಓಡಾಡ್ತಿರೋ ಪಟ್ಟಿಯಲ್ಲಿ ಮೆಥನಾಲ್, ಫಾರ್ಮಾಲ್ಡಿಹೈಡ್, ನೈಟ್ರೋಸಮೈನ್, ಸಲ್ಫೈಟ್ ಅಂತೆಲ್ಲ ಇದೆ. ಇವು ಹಾಕಿದ್ದಾ, ತಾನಾಗೇ ಆಗಿದ್ದಾ? ಕೆಲವು ಬಾಟಲಿ ತೆಗೆದ ಕೂಡಲೇ ಅರ್ಧ ನೊರೆಯಾಗಿ ಟೇಬಲ್ ಮೇಲೆ ಹರಿಯುತ್ತೆ, ಅದು ಕೆಟ್ಟಿದ್ದಾ? ಪಂದಿಕರಿ (ಹಂದಿಮಾಂಸದ ಸಾರು) ಜೊತೆ ಬಿಯರ್ ಕುಡಿದ್ರೆ ಯೂರಿಕ್ ಆಸಿಡ್ ಏರುತ್ತೆ ಅನ್ನೋದು ಎಷ್ಟು ನಿಜ? ಇದಕ್ಕಿಂತ ನಮ್ಮ ಕೊಡಗಿನ ಮನೆ ವೈನೇ ಸೇಫ್ ಅನ್ನೋರೂ ಇದ್ದಾರೆ.

ಕೆಟಲ್ ಮೇಸ್ತ್ರಿ:

ಗ್ಲಿಸರಿನ್ ವಿಷಯ ಮೊದಲು ಮುಗಿಸೋಣ, ಈ ಭೂತ ಇಳಿಯದೆ ಬೇರೆ ಮಾತು ತಲೆಗೆ ಹೋಗೋದಿಲ್ಲ.

ಬಿಯರಲ್ಲಿ ಗ್ಲಿಸರಿನ್ ಇದೆ. ಆದರೆ ಯಾರೂ ಹಾಕಿದ್ದಲ್ಲ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವಾಗ ಪಕ್ಕದಲ್ಲಿ ಒಂದಿಷ್ಟು ಗ್ಲಿಸರಾಲನ್ನೂ ಮಾಡುತ್ತೆ. ಗ್ಲಿಸರಿನ್, ಗ್ಲಿಸರಾಲ್ ಎರಡೂ ಒಂದೇ. ಸಕ್ಕರೆ ಗಟ್ಟಿಯಾಗಿರೋ ದ್ರಾವಣದಲ್ಲಿ ಜೀವಕೋಶ ಒಣಗದ ಹಾಗೆ ಕಾಯೋದಕ್ಕೂ ಅದಕ್ಕೆ ಇದು ಬೇಕು. ಹಾಗಾಗಿ ಸ್ಟ್ರಾಂಗ್ ಬಿಯರಲ್ಲಿ ಸ್ವಲ್ಪ ಜಾಸ್ತಿ. ಸಾಮಾನ್ಯವಾಗಿ ಲೀಟರಿಗೆ 1ರಿಂದ 2 ಗ್ರಾಂ. ಅಂದ್ರೆ 650 ಮಿಲಿ ಬಾಟಲಿಗೆ ಸುಮಾರು 1 ಗ್ರಾಂ. ಮೆಡಿಕಲ್ ಶಾಪಿನ ಗ್ಲಿಸರಿನ್ ಒಂದು ಟೀ ಚಮಚ ಅಂದ್ರೆ 6 ಗ್ರಾಂ ದಾಟುತ್ತೆ, ಇದು ಅದರ ಆರನೇ ಒಂದು ಪಾಲು. ಕೆಡದ ಹಾಗೆ ಕಾಯೋಕೆ ಇಷ್ಟು ಸಾಲೋದೇ ಇಲ್ಲ, ಉಪ್ಪಿನಕಾಯಿ ಜಾಡಿಗೆ ಒಂದು ಚಿಟಿಕೆ ಉಪ್ಪು ಹಾಕಿದ ಹಾಗೆ. ಬಾಟಲಿ ಬಿಯರ್ ತಿಂಗಳುಗಟ್ಟಲೆ ಇರೋದು ಪಾಶ್ಚರೀಕರಣದಿಂದ. ತುಂಬಿ ಮುಚ್ಚಿದ ಬಾಟಲಿಯನ್ನ ಬಿಸಿನೀರಿನ ಸುರಂಗದಲ್ಲಿ ಹಾಯಿಸಿ, ಒಳಗಿನ ಬಿಯರ್ 60 ಡಿಗ್ರಿಯಲ್ಲಿ ಒಂದಷ್ಟು ನಿಮಿಷ ಇರೋ ಹಾಗೆ ನೋಡ್ಕೋತಾರೆ.

ಈಗ ಆ ಎಳೆಗಳು. ಗ್ಲಿಸರಿನ್ ನೀರಲ್ಲಿ ಪೂರ್ತಿ ಕರಗೋ ವಸ್ತು. ಒಂದು ಸಲ ಕರಗಿದ ಮೇಲೆ ಅದು ಬೇರೆಯಾಗಿ ತಳಕ್ಕೆ ಇಳಿಯೋದಿಲ್ಲ. ಸಾರಲ್ಲಿ ಕರಗಿದ ಉಪ್ಪು ಪಾತ್ರೆ ಬೋರಲು ಹಾಕಿದ್ರೆ ಪ್ರತ್ಯೇಕವಾಗಿ ಸುರಿಯುತ್ತಾ? ಇಳೀತಿರೋದು ಬಿಯರೇ. ಹುದುಗದೆ ಉಳಿದ ಸಕ್ಕರೆ, ಡೆಕ್ಸ್‌ಟ್ರಿನ್, ಪ್ರೋಟೀನ್ ಎಲ್ಲ ಸೇರಿ ಸಾಮಾನ್ಯ ಲಾಗರಿನ (ಸೋಸಿದ ತಿಳಿ ಬಿಯರ್) ಸಾಂದ್ರತೆ 1.005ರಿಂದ 1.012ರ ಒಳಗೆ ನಿಲ್ಲುತ್ತೆ. ನೀರಿನದು 1.000. ಭಾರದ್ದು ಕೆಳಗೆ, ಹಗುರದ್ದು ಮೇಲೆ: ಬಾಟಲಿ ಕತ್ತಲ್ಲಿ ಒಂದು ಬದಿಯಿಂದ ಬಿಯರ್ ಇಳಿಯುತ್ತೆ, ಇನ್ನೊಂದು ಬದಿಯಿಂದ ಲೋಟದ ನೀರು ಒಳಗೆ ಏರುತ್ತೆ. ಎರಡು ದ್ರವದಲ್ಲಿ ಬೆಳಕು ಬಾಗೋದು ಬೇರೆ ಬೇರೆ ಇರೋದ್ರಿಂದ ಆ ಎಣ್ಣೆಯಂಥ ಎಳೆ ಕಾಣುತ್ತೆ. ಬಿಸಿ ನೀರಿಗೆ ಸಕ್ಕರೆ ಹಾಕಿ ಕಲಕದೆ ಬಿಟ್ಟರೂ ತಳದಲ್ಲಿ ಇಂಥದ್ದೇ ಅಲೆ ಕಾಣೋದಿಲ್ವಾ, ಅದೇ ಇದು. ಜೊತೆಗೆ ಕೈಯ ಬಿಸಿಗೆ ಗ್ಯಾಸ್ ಬಿಟ್ಟು, ಬೋರಲಾದ ಬಾಟಲಿಯ ತಳದಲ್ಲಿ ಗಾಳಿ ಸೇರಿ, ಅದೂ ಬಿಯರನ್ನ ಹೊರಗೆ ದೂಡುತ್ತೆ. ಅದಕ್ಕೇ ಲೋಟದ ನೀರು ತುಂಬಿ ಚೆಲ್ಲೋದು.

ಅಂದ್ರೆ ದುಡ್ಡು ಕೊಟ್ಟ ಬಿಯರ್ ಲೋಟಕ್ಕೆ ಹೋಯ್ತು, ನಲ್ಲಿ ನೀರು ಬಾಟಲಿಗೆ ಬಂತು. ಆಮೇಲೆ ‘ಈಗ ಸಾಫ್ಟ್ ಆಯ್ತು’ ಅಂತಾರೆ. ಆಗದೆ ಏನು?

ನಂಬದ ಗೆಸ್ಟಿಗೆ ಮಾಡಿ ತೋರಿಸೋದು ಹೀಗೆ. ಖಾಲಿ 650 ಮಿಲಿ ಬಾಟಲಿ ಚೆನ್ನಾಗಿ ತೊಳೀರಿ. 650 ಮಿಲಿ ನೀರಿಗೆ 13 ಗ್ರಾಂ ಸಕ್ಕರೆ (ಮೂರು ಟೀ ಚಮಚ, ತುಂಬಿ ಏರಿಸಬೇಡಿ) ಪೂರ್ತಿ ಕರಗಿಸಿ, ಬಣ್ಣಕ್ಕೆ ಎರಡು ಚಮಚ ಕಾಫಿ ಡಿಕಾಕ್ಷನ್ ಹಾಕಿ. ಸಾಂದ್ರತೆ ಹೆಚ್ಚುಕಮ್ಮಿ 1.008ಕ್ಕೆ ಬರುತ್ತೆ. ಬಾಟಲಿಯ ಬಾಯಿವರೆಗೂ ತುಂಬಿ. ಗಾಳಿ ಉಳಿದ್ರೆ ಗುಳುಗುಳು ಅಂದು ಎಳೆ ಒಡೆಯುತ್ತೆ, ಏನೂ ಕಾಣೋದಿಲ್ಲ. ಹೆಬ್ಬೆರಳು ಒತ್ತಿ ಬೋರಲು ಮಾಡಿ, ಗಾಜಿನ ಲೋಟದ ನೀರಲ್ಲಿ ಕತ್ತು ಮುಳುಗಿಸಿದ ಮೇಲೇ ಬೆರಳು ತೆಗೀರಿ, ಕೈ ಅಲುಗಿಸಬೇಡಿ. ಕಂದು ಎಳೆಗಳು ಥೇಟ್ ಬಿಯರಿನ ಹಾಗೇ ಇಳಿಯುತ್ತವೆ. ಗ್ಲಿಸರಿನ್ ಒಂದು ಹನಿಯೂ ಇಲ್ಲ ಅದರಲ್ಲಿ.

ಎದುರು ಪರೀಕ್ಷೆಯೂ ಬೇಕು ಅಂದ್ರೆ: ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಮೆಡಿಕಲ್ ಶಾಪಿನ ಗ್ಲಿಸರಿನ್ ಹಾಕಿ, ಚೆನ್ನಾಗಿ ಕಲಕಿ, ರಾತ್ರಿ ಇಡೀ ಬಿಡಿ. ಬೆಳಿಗ್ಗೆ ತಳದಲ್ಲಿ ಏನಾದ್ರೂ ಪದರ ಕಂಡ್ರೆ ಇಲ್ಲೇ ಬಂದು ಬರೀರಿ.

ಲ್ಯಾಬ್ ಮೇಜು, ಕುಶಾಲನಗರ:

ಮೇಸ್ತ್ರಿಗಳು ಹೇಳಿದ್ದಕ್ಕೆ ನನ್ನ ಸಹಿಯೂ ಇದೆ. ವಾಟ್ಸಾಪ್ ಪಟ್ಟಿಗೆ ಬರುತ್ತೇನೆ. ಅದರಲ್ಲಿರುವ ಹೆಸರುಗಳು ಸುಳ್ಳಲ್ಲ. ಪ್ರಮಾಣ ಹೇಳದೆ ಬಿಟ್ಟಿರುವುದರಲ್ಲಿದೆ ಮೋಸ.

ಮೆಥನಾಲ್: ಇದು ಹುಟ್ಟುವುದು ಹಣ್ಣಿನ ಪೆಕ್ಟಿನ್‌ನಿಂದ. ಪೆಕ್ಟಿನ್ ಎಂದರೆ ಜಾಮ್ ಗಟ್ಟಿಯಾಗಿಸುವ ವಸ್ತು. ಹಣ್ಣಿನಲ್ಲೇ ಇರುವ ಒಂದು ಕಿಣ್ವ ಅದರಿಂದ ಮೀಥೈಲ್ ತುಂಡನ್ನು ಕತ್ತರಿಸಿದಾಗ ಮೆಥನಾಲ್ ಬಿಡುಗಡೆಯಾಗುತ್ತದೆ. ಬಾರ್ಲಿ, ಅಕ್ಕಿ, ಜೋಳದಲ್ಲಿ ಪೆಕ್ಟಿನ್ ತೀರಾ ಕಡಿಮೆ, ಆದ್ದರಿಂದ ಬಿಯರಿನಲ್ಲಿ ಮೆಥನಾಲ್ ಲೀಟರಿಗೆ ಕೆಲವೇ ಮಿಲಿಗ್ರಾಂ, ಹೆಚ್ಚೆಂದರೆ ಕೆಲವು ಹತ್ತು ಮಿಲಿಗ್ರಾಂ. ಲೀಟರಿಗೆ 20 ಮಿಲಿಗ್ರಾಂ ಎಂದೇ ಹಿಡಿಯಿರಿ. ಕಣ್ಣು ಹೋಗುವ ಪ್ರಮಾಣ ಎಂದು ಪುಸ್ತಕಗಳು ಹೇಳುವುದು ಶುದ್ಧ ಮೆಥನಾಲ್ ಸುಮಾರು 10 ಮಿಲಿ, ಅಂದರೆ 8 ಗ್ರಾಂ. ಅಷ್ಟು ಸೇರಲು 400 ಲೀಟರ್ ಬಿಯರ್ ಬೇಕು. ಕಳ್ಳಭಟ್ಟಿ ದುರಂತಗಳಲ್ಲಿ ಜನ ಸಾಯುವುದು ಹುದುಗಿನಲ್ಲಿ ಹುಟ್ಟಿದ ಮೆಥನಾಲ್‌ನಿಂದಲ್ಲ, ಕಾರ್ಖಾನೆಯ ಮೆಥನಾಲ್ ತಂದು ಬೆರೆಸುವುದರಿಂದ.

ಫಾರ್ಮಾಲ್ಡಿಹೈಡ್: 2005ರಲ್ಲಿ ಚೀನಾದ ಬಿಯರುಗಳ ವಿಚಾರದಲ್ಲಿ ಇದು ದೊಡ್ಡ ಗುಲ್ಲಾಯಿತು. ಅಲ್ಲಿ ಬಿಯರ್ ಮಸುಕಾಗದಿರಲಿ ಎಂದು ಪಾಲಿಫಿನಾಲ್‌ಗಳನ್ನು (ಧಾನ್ಯದಿಂದ ಬರುವ ಒಗರು ಅಂಶ) ಕಟ್ಟಿಹಾಕಲು ಕೆಲವರು ಅದನ್ನು ಬಳಸುತ್ತಿದ್ದರು. ಈಗ ಆ ಕೆಲಸಕ್ಕೆ ಸಿಲಿಕಾ ಜೆಲ್, ಪಿವಿಪಿಪಿ ಎಂಬ ಪ್ಲಾಸ್ಟಿಕ್ ಪುಡಿ ಇವೆ. ಎರಡೂ ಸೋಸುವಾಗ ಹೊರಗೆ ಹೋಗುತ್ತವೆ. ಯಾರೂ ಹಾಕದಿದ್ದರೂ ಹುದುಗುವಾಗ ತುಸು ಹುಟ್ಟುತ್ತದೆ, ಸಾಮಾನ್ಯವಾಗಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ. ನಮ್ಮ ರಕ್ತದಲ್ಲೇ ಸದಾಕಾಲ ಲೀಟರಿಗೆ 2–3 ಮಿಲಿಗ್ರಾಂ ಇರುತ್ತದೆ. ಅಣಬೆಯಲ್ಲಿದೆ, ಹಣ್ಣಿನಲ್ಲಿದೆ. ಮಳೆಗಾಲದಲ್ಲಿ ಕೊಡಗಿನವರು ಅಣಬೆ ಬಿಡುತ್ತಾರೆಯೇ?

ನೈಟ್ರೋಸಮೈನ್: ಪಟ್ಟಿಯಲ್ಲಿ ನಿಜಕ್ಕೂ ಮಾತಾಡಬೇಕಾದದ್ದು ಇದೊಂದೇ. 1970ರ ದಶಕದ ಕೊನೆಯಲ್ಲಿ ಜರ್ಮನಿಯ ಸಂಶೋಧಕರು ಬಿಯರಿನಲ್ಲಿ ಎನ್‌ಡಿಎಂಎ ಎಂಬ ನೈಟ್ರೋಸಮೈನ್ ಇರುವುದನ್ನು ಪತ್ತೆ ಮಾಡಿದರು. ಪ್ರಾಣಿಗಳಲ್ಲಿ ಕ್ಯಾನ್ಸರ್ ತರುವ ವಸ್ತು. ಮೂಲ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಒಣಗಿಸುವ ಗೂಡು. ಬಾರ್ಲಿ ಮೊಳಕೆ ಒಡೆದಾಗ ಹಾರ್ಡೆನಿನ್, ಗ್ರಾಮಿನ್ ಎಂಬ ಅಮೈನುಗಳು ತಾವಾಗಿಯೇ ಉಂಟಾಗುತ್ತವೆ. ಆ ಹಸಿ ಮೊಳಕೆಯ ಮೇಲೆ ಗ್ಯಾಸ್ ಬರ್ನರಿನ ಉರಿಗಾಳಿಯನ್ನೇ ನೇರವಾಗಿ ಬಿಟ್ಟರೆ, ಉರಿಯಲ್ಲಿ ಹುಟ್ಟಿದ ನೈಟ್ರೋಜನ್ ಆಕ್ಸೈಡುಗಳು ಈ ಅಮೈನುಗಳ ಜೊತೆ ಸೇರಿ ಎನ್‌ಡಿಎಂಎ ಆಗುತ್ತದೆ. ಕಾರಣ ತಿಳಿದ ಮೇಲೆ ಪರಿಹಾರ ಸುಲಭ: ಉರಿಗಾಳಿ ಧಾನ್ಯಕ್ಕೆ ತಾಗಬಾರದು, ಶಾಖ ವಿನಿಮಯಕದ ಕೊಳವೆಯ ಹೊರಗೆ ಕಾದ ಶುದ್ಧ ಗಾಳಿ ಮಾತ್ರ ಹೋಗಬೇಕು. ಕಾಫಿ ಡ್ರೈಯರ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೊಳವೆ ತೂತಾದರೆ ಹೊಗೆ ಕಾಫಿ ಬೇಳೆಗೆ ತಾಗಿ ಕುಡಿಯುವ ಕಾಫಿಯಲ್ಲಿ ಹೊಗೆವಾಸನೆ ಬರುತ್ತದಲ್ಲ, ಮಾಲ್ಟಿನಲ್ಲಿ ವಾಸನೆಯೂ ಬಾರದೆ ಎನ್‌ಡಿಎಂಎ ಬರುತ್ತಿತ್ತು. 1980ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾಲ್ಟ್ ಪಾನೀಯಗಳಿಗೆ ನೂರು ಕೋಟಿಯಲ್ಲಿ 5 ಪಾಲಿನ ಗಡಿ ಹಾಕಿತು. ಒಣಗಿಸುವ ವಿಧಾನ ಬದಲಾದ ಮೇಲೆ ಮಟ್ಟ ಅದಕ್ಕಿಂತ ಬಹಳ ಕೆಳಗಿಳಿದಿದೆ.

ಸಲ್ಫೈಟ್: ಯೀಸ್ಟ್ ತಾನೇ ಸಲ್ಫರ್ ಡೈಆಕ್ಸೈಡ್ ಮಾಡುತ್ತದೆ, ಹಾಕದ ಬಿಯರಿನಲ್ಲೂ ಲೀಟರಿಗೆ ಕೆಲವು ಮಿಲಿಗ್ರಾಂ ಇರುತ್ತದೆ. 10 ಮಿಲಿಗ್ರಾಂ ಮುಟ್ಟಿದರೆ ಲೇಬಲ್ಲಿನಲ್ಲಿ ಹೇಳಬೇಕು. ಆಸ್ತಮಾ ಇರುವ ಕೆಲವರಿಗೆ ಉಸಿರು ಹಿಡಿಯಬಹುದು, ಅಂಥವರು ಲೇಬಲ್ ಓದಲಿ.

ಅಸಿಟಾಲ್ಡಿಹೈಡ್, ಹಸಿ ಸೇಬಿನ ವಾಸನೆಯದು. ಬಲಿಯದ ಬಿಯರಿನಲ್ಲಿ ಜಾಸ್ತಿ. ಚೆನ್ನಾಗಿ ಬಲಿತದ್ದರಲ್ಲಿ ಲೀಟರಿಗೆ ಹತ್ತು ಮಿಲಿಗ್ರಾಂ ಆಸುಪಾಸು. ಈಗ ಇದನ್ನು ನೋಡಿ: 5 ಪ್ರತಿಶತದ ಒಂದು ದೊಡ್ಡ ಬಾಟಲಿಯಲ್ಲಿ ಎಥನಾಲ್ 25 ಗ್ರಾಂ ದಾಟುತ್ತದೆ. ಯಕೃತ್ತು ಅದನ್ನು ಒಡೆಯುವ ದಾರಿಯಲ್ಲಿ ಮೊದಲು ಮಾಡುವುದು ಇದೇ ಅಸಿಟಾಲ್ಡಿಹೈಡನ್ನು, ಒಟ್ಟು ಲೆಕ್ಕದಲ್ಲಿ 24 ಗ್ರಾಂನಷ್ಟು. ಬಾಟಲಿಯಲ್ಲಿ ಬಂದ 6–7 ಮಿಲಿಗ್ರಾಂ ಅದರ ಮುಂದೆ ಯಾವ ಲೆಕ್ಕ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎನ್ನುವ ಗುಂಪಿಗೆ ಸೇರಿಸಿದೆ. ವಾಟ್ಸಾಪ್ ಪಟ್ಟಿಯಲ್ಲಿ ಆಲ್ಕೋಹಾಲ್ ಹೆಸರೇ ಇಲ್ಲ ಅನ್ನುವುದು ತಮಾಷೆ.

ಕಪ್ಪು ಬಿಯರಿನಲ್ಲಿ ಹುರಿದ ಮಾಲ್ಟಿನಿಂದ ಫ್ಯೂರಾನ್, ಅಕ್ರಿಲಮೈಡ್ ಇವೆಯಲ್ಲ ಎಂದು ಕೇಳುವವರು ಬೆಳಗಿನ ಕಾಫಿಯ ಬಗ್ಗೆ ಮೊದಲು ಕೇಳಲಿ. ಹುರಿಯುವಾಗ ನಡೆಯುವ ಕ್ರಿಯೆ ಎರಡಕ್ಕೂ ಒಂದೇ.

ಗಾಳಿಬೀಡು ಹೋಂಸ್ಟೇ:

ಕಾಫಿ ಡ್ರೈಯರ್ ಲೆಕ್ಕದಲ್ಲಿ ಹೇಳಿದ್ದು ತಲೆಗೆ ಸೀದಾ ಹೋಯ್ತು ಸರ್. ನೊರೆ ಉಕ್ಕೋದರ ಬಗ್ಗೆ? ಇನ್ನೊಂದು, ಫ್ರಿಜ್ಜಿಂದ ತೆಗೆದಾಗ ಮಸುಕಾಗಿದ್ದು ಆಮೇಲೆ ತಿಳಿಯಾಗುತ್ತೆ, ಕೆಲವೊಮ್ಮೆ ತಳದಲ್ಲಿ ಗಸಿಯೂ ಇರುತ್ತೆ. ಯಾವುದನ್ನ ಕುಡೀಬಹುದು, ಯಾವುದನ್ನ ಎಸೀಬೇಕು?

ಕೆಟಲ್ ಮೇಸ್ತ್ರಿ:

ಉಕ್ಕೋದಕ್ಕೆ ಮುಕ್ಕಾಲುಪಾಲು ಕಾರಣ ನಮ್ಮ ರಸ್ತೆ. ಕೇಸ್ ಜೀಪಿನ ಹಿಂದೆ ಕುಣಿದು ಬಂದು, ಬೆಚ್ಚಗಿದ್ದಾಗಲೇ ತೆಗೆದ್ರೆ ಉಕ್ಕದೆ ಇರುತ್ತಾ. ಬಾಟಲಿ ನೆಟ್ಟಗೆ ನಿಲ್ಲಿಸಿ, ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿ ಒಂದು ದಿನ ಪೂರ್ತಿ ಬಿಟ್ಟು ತೆಗೀರಿ. ಗ್ಯಾಸ್ ತಣ್ಣಗಿದ್ದಷ್ಟೂ ಬಿಯರಲ್ಲಿ ಕರಗಿ ಕೂರುತ್ತೆ.

ಹೀಗೆ ಮಾಡಿದ ಮೇಲೂ ಒಂದೇ ಬ್ಯಾಚ್ ನಂಬರಿನ ಬಾಟಲಿಗಳೆಲ್ಲ ಉಕ್ಕಿದ್ರೆ ಅದು ತಯಾರಿಕೆಯ ದೋಷ. ಹೊಲದಲ್ಲಿ ಬಾರ್ಲಿ ಮಳೆಗೆ ಸಿಕ್ಕಿ ಫ್ಯುಸೇರಿಯಂ ಬೂಷ್ಟು ಹಿಡಿದಿದ್ರೆ ಅದು ಹೈಡ್ರೋಫೋಬಿನ್ ಅನ್ನೋ ಪ್ರೋಟೀನ್ ಬಿಡುತ್ತೆ. ಅದು ಕುದಿ, ಹುದುಗು, ಸೋಸುವಿಕೆ ಎಲ್ಲ ದಾಟಿ ಬಾಟಲಿಗೆ ಬಂದು, ಗ್ಯಾಸಿನ ಸಣ್ಣ ಸಣ್ಣ ಗುಳ್ಳೆಗಳಿಗೆ ಕವಚ ಹಾಕಿ ಇಟ್ಟುಕೊಂಡಿರುತ್ತೆ. ಮುಚ್ಚಳ ತೆಗೆದು ಒತ್ತಡ ಬಿದ್ದ ಕೂಡಲೇ ಅಷ್ಟೂ ಗುಳ್ಳೆ ಒಟ್ಟಿಗೆ ಒಡೆಯುತ್ತವೆ. ಎರಡನೇ ಕಾರಣ ಕ್ಯಾಲ್ಸಿಯಂ ಆಕ್ಸಲೇಟ್. ಮಾಲ್ಟಲ್ಲಿ ಆಕ್ಸಲೇಟ್ ಸಹಜವಾಗಿ ಇದೆ, ಕೆಸುವಿನ ಎಲೆಯಲ್ಲಿ ನಾಲಿಗೆ ತುರಿಸೋದೂ ಇದೇ ವಸ್ತು. ಹಂಡೆಯಲ್ಲೇ ಸಾಕಷ್ಟು ಕ್ಯಾಲ್ಸಿಯಂ ಇದ್ರೆ ಅಲ್ಲೇ ಹರಳುಗಟ್ಟಿ ಹೊರಗೆ ಹೋಗುತ್ತೆ. ನೀರು ತೀರಾ ಮೆದುವಾಗಿದ್ದು, ಬ್ರೂವರ್ ಕ್ಯಾಲ್ಸಿಯಂ ಸೇರಿಸೋದು ಮರೆತ್ರೆ ಹರಳು ಬಾಟಲಿ ಒಳಗೆ ಕಟ್ಟುತ್ತೆ. ಪ್ರತಿ ಹರಳೂ ಗುಳ್ಳೆ ಏಳೋಕೆ ಒಂದು ನೆಲೆ.

ಉಕ್ಕೋ ಬಿಯರ್ ವಿಷ ಅಂತ ಅಲ್ಲ. ಆದ್ರೆ ಬೂಷ್ಟು ಹಿಡಿದ ಧಾನ್ಯದ ಗುರುತು ಆಗಿರಬಹುದು. ಫ್ಯುಸೇರಿಯಂ ಜೊತೆ ಡಿಯಾಕ್ಸಿನಿವಾಲೆನಾಲ್ ಅನ್ನೋ ಬೂಷ್ಟುವಿಷ ಬರೋದುಂಟು, ಅದು ಕುದಿಸಿದ್ರೂ ಹೋಗೋದಿಲ್ಲ. ಅದಕ್ಕೇ ಮಾಲ್ಟ್ ಕಂಪನಿಗಳು ಬಾರ್ಲಿ ಇಳಿಸೋ ಮುಂಚೆ ಪರೀಕ್ಷೆ ಮಾಡೋದು. ಕಣದಲ್ಲಿ ಕಾಫಿ ಮಳೆಗೆ ನೆನೆದ್ರೆ ಓಕ್ರಾಟಾಕ್ಸಿನ್ ಅನ್ನೋ ಬೂಷ್ಟುವಿಷದ ಭಯ ಇರೋದಿಲ್ವಾ, ಬಾರ್ಲಿ ಸರಿಯಾಗಿ ಒಣಗಿಸದೆ ತುಂಬಿಟ್ಟರೂ ಅದೇ ಬರುತ್ತೆ. ಆ ಬ್ಯಾಚಿನ ಬಾಟಲಿಗಳನ್ನ ಬ್ಯಾಚ್ ನಂಬರ್, ತಯಾರಿಕೆ ದಿನಾಂಕ ಸಮೇತ ಫೋಟೋ ತೆಗೆದು ಅಂಗಡಿಗೆ ವಾಪಸ್ ಕೊಡಿ.

ತಣ್ಣಗಿದ್ದಾಗ ಮಸುಕಾಗಿ, ಬೆಚ್ಚಗಾದ ಮೇಲೆ ತಿಳಿಯಾಗೋದು ಪ್ರೋಟೀನ್, ಪಾಲಿಫಿನಾಲ್ ಕೈ ಹಿಡಿಯೋದರಿಂದ. ಏನೂ ಆಗೋದಿಲ್ಲ. ಗೋಧಿ ಬಿಯರಿನ ತಳದಲ್ಲಿ ಕೆನೆಬಣ್ಣದ ಯೀಸ್ಟ್ ಇರಲೇಬೇಕು. ಆದ್ರೆ ಸೋಸಿದ ಲಾಗರಿನಲ್ಲಿ ಚೂರು ಚೂರು ತೇಲ್ತಾ ಇದ್ರೆ, ಜೊತೆಗೆ ಹುಳಿ ಅಥವಾ ಹಳಸಿದ ಬೆಣ್ಣೆ ವಾಸನೆ ಬಂದ್ರೆ ಒಳಗೆ ಬ್ಯಾಕ್ಟೀರಿಯಾ ಹೊಕ್ಕಿದೆ ಅಂತ, ಚೆಲ್ಲಿ. ಬಿಯರಲ್ಲಿ ಕಾಯಿಲೆ ತರೋ ರೋಗಾಣು ಬೆಳೆಯೋದು ಕಷ್ಟ: ಪಿಎಚ್ 4ರ ಸುತ್ತಮುತ್ತ, ಆಲ್ಕೋಹಾಲ್ ಇದೆ, ಕಹಿ ಕೊಡೋ ಹಾಪ್ಸ್ ಹೂವಿನ ಅಂಶ ಇದೆ, ಆಮ್ಲಜನಕ ಇಲ್ಲ. ಕೆಟ್ಟರೆ ರುಚಿ ಕೆಡುತ್ತೆ ಅಷ್ಟೆ. ಆಲ್ಕೋಹಾಲ್ ಇಲ್ಲದ ಬಿಯರಿಗೆ ಮಾತ್ರ ಈ ರಕ್ಷಣೆ ಅರ್ಧ ಇಲ್ಲ, ತೆಗೆದಿಟ್ಟದ್ದನ್ನ ನಾಳೆಗೆ ಉಳಿಸಬೇಡಿ.

ಇಡೋದರಲ್ಲಿ ಎರಡು ತಪ್ಪು ಎಲ್ಲರೂ ಮಾಡ್ತಾರೆ. ಹಸಿರು ಅಥವಾ ಬಿಳಿ ಬಾಟಲಿಯನ್ನ ಜಗಲಿ ಕಟ್ಟೆ ಬಿಸಿಲಲ್ಲಿ ಇಡೋದು ಒಂದು. ಹಾಪ್ಸಿನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕದ ಜೊತೆ ಸೇರಿ ಪ್ರೆನೈಲ್ ಥಯಾಲ್ ಆಗುತ್ತೆ. ಸುಟ್ಟ ರಬ್ಬರ್, ಕಾಡುಪ್ರಾಣಿಯ ಘಾಟು ಎರಡೂ ಸೇರಿಸಿದಂಥ ನಾತ. ಆರೋಗ್ಯಕ್ಕೆ ತೊಂದರೆ ಇಲ್ಲ, ಮೂಗಿಗೆ ಮಾತ್ರ. ಕಂದು ಗಾಜು ಆ ಬೆಳಕನ್ನ ತಡೆಯುತ್ತೆ, ಹಸಿರು ತಡೆಯೋದಿಲ್ಲ. ಇನ್ನೊಂದು, ಫ್ರೀಜರಲ್ಲಿ ಇಟ್ಟು ಮರೆಯೋದು. ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಹೋದ್ರೆ ಬಿಯರ್ ಹೆಪ್ಪುಗಟ್ಟಿ ಹಿಗ್ಗುತ್ತೆ, ಬಾಟಲಿ ಸೀಳುತ್ತೆ. ಅರ್ಧ ಗಂಟೆಗೆ ಅಲಾರಂ ಇಡಿ. ಸೀಳು ಬಿಟ್ಟ ಬಾಟಲಿಯದ್ದನ್ನ ಬಟ್ಟೆಯಲ್ಲಿ ಸೋಸಿ ಕುಡಿಯೋ ಸಾಹಸ ಬೇಡ, ಗಾಜಿನ ಪುಡಿ ಬಟ್ಟೆ ದಾಟುತ್ತೆ.

ಮಾತ್ರೆ ಚೀಟಿ, ವಿರಾಜಪೇಟೆ:

ಯೂರಿಕ್ ಆಸಿಡ್ ಪ್ರಶ್ನೆಗೆ: ನಿಜ. ಯೀಸ್ಟ್ ಮತ್ತು ಮಾಲ್ಟಿನಿಂದ ಬರುವ ಪ್ಯೂರಿನ್, ಮುಖ್ಯವಾಗಿ ಗ್ವಾನೋಸಿನ್, ದೇಹದಲ್ಲಿ ಯೂರಿಕ್ ಆಸಿಡ್ ಆಗುತ್ತದೆ. ಆಲ್ಕೋಹಾಲ್ ಅದು ಮೂತ್ರದಲ್ಲಿ ಹೋಗುವುದನ್ನು ತಡೆಯುತ್ತದೆ. ಅಂದರೆ ಬಿಯರ್ ಎರಡೂ ಕಡೆಯಿಂದ ಹೊಡೆಯುತ್ತದೆ. 2004ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಗೌಟ್ (ಯೂರಿಕ್ ಆಸಿಡ್ ಹೆಚ್ಚಾಗಿ ಕೀಲು ಊದುವ ಕಾಯಿಲೆ) ಜೊತೆ ಅತಿ ಗಟ್ಟಿ ನಂಟು ಕಂಡದ್ದು ಬಿಯರಿಗೆ, ಆಮೇಲೆ ಸ್ಪಿರಿಟ್‌ಗೆ. ಮಿತವಾದ ವೈನಿಗೆ ಕಾಣಲಿಲ್ಲ. ಹಂದಿಮಾಂಸದಲ್ಲೂ ಪ್ಯೂರಿನ್ ಇದೆ, ಈಲಿ (ಲಿವರ್) ಹಾಕಿದ್ದರೆ ಇನ್ನೂ ಹೆಚ್ಚು. ಕೈಲ್‌ಪೊಳ್ದ್ ಹಬ್ಬದ ಮರುದಿನ ಕಾಲಿನ ಹೆಬ್ಬೆರಳು ಕೆಂಪಗೆ ಊದಿದರೆ ಪಂದಿಕರಿಗೆ ಹಾಕಿದ ಹುಳಿ, ಕಾಚಂಪುಳಿಯನ್ನು ಬೈಯಬೇಡಿ. ಗೌಟ್ ಇರುವವರಿಗೆ ಆಲ್ಕೋಹಾಲ್ ಇಲ್ಲದ ಬಿಯರ್ ಕೂಡ ಪೂರ್ತಿ ಸುರಕ್ಷಿತವಲ್ಲ, ಪ್ಯೂರಿನ್ ಅದರಲ್ಲೂ ಇದೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ, ಆದರೆ ಇರಬೇಕಾಗಿದ್ದ ಹೆಸರು ಟೈರಮೈನ್. ಬ್ಯಾಕ್ಟೀರಿಯಾಗಳು ಟೈರೋಸಿನ್‌ನಿಂದ ಮಾಡುವ ಅಮೈನ್. ಬಾಟಲಿಯ ಪಾಶ್ಚರೀಕೃತ ಬಿಯರಿನಲ್ಲಿ ಲೀಟರಿಗೆ ಸಾಮಾನ್ಯವಾಗಿ ಕೆಲವೇ ಮಿಲಿಗ್ರಾಂ. ಪಾಶ್ಚರೀಕರಿಸದ ಟ್ಯಾಪ್ ಬಿಯರಿನಲ್ಲಿ ಕೆಲವೆಡೆ 100 ಮಿಲಿಗ್ರಾಂ ದಾಟಿದ್ದೂ ದಾಖಲಾಗಿದೆ. ಆರೋಗ್ಯವಂತರ ಕರುಳು ಇದನ್ನು ಒಡೆದುಹಾಕುತ್ತದೆ. ಆದರೆ ಖಿನ್ನತೆಗೆ ಕೊಡುವ ಎಂಎಒ ತಡೆ ಮಾತ್ರೆಗಳು (ಫಿನೆಲ್ಜಿನ್, ಟ್ರಾನೈಲ್‌ಸಿಪ್ರೊಮಿನ್), ಮತ್ತು ಲಿನೆಜೊಲಿಡ್ ಎಂಬ ಆ್ಯಂಟಿಬಯಾಟಿಕ್, ಆ ಒಡೆಯುವ ಕೆಲಸವನ್ನೇ ನಿಲ್ಲಿಸುತ್ತವೆ. ಆಗ ರಕ್ತದೊತ್ತಡ ಒಮ್ಮೆಲೇ ನೆತ್ತಿಗೇರಬಹುದು. ಲಿನೆಜೊಲಿಡ್ ಕ್ಷಯರೋಗದ ಚಿಕಿತ್ಸೆಯಲ್ಲೂ ಬಳಕೆಯಲ್ಲಿದೆ, ಆದ್ದರಿಂದ ಇದು ದೂರದ ಮಾತಲ್ಲ. ಮೆಟ್ರೊನಿಡಜೋಲ್, ಟಿನಿಡಜೋಲ್ ನುಂಗುವಾಗ ಮತ್ತು ಮುಗಿದ ಮೂರು ದಿನ ಮದ್ಯ ಬೇಡ: ಮುಖ ಕೆಂಪಾಗುವುದು, ವಾಂತಿ, ಎದೆಬಡಿತ ಬರಬಹುದು. ಭೇದಿಗೆ ಮಾತ್ರೆ ನುಂಗಿ ಸಂಜೆ ಬಿಯರ್ ತೆಗೆಯುವ ಪ್ರವಾಸಿಗರು ಕಡಿಮೆ ಇಲ್ಲ.

ಸ್ಟ್ರಾಂಗ್ ಬಿಯರಿನ ಪ್ರಮಾಣ ಲೆಕ್ಕ: 650 ಮಿಲಿ × 8 ಪ್ರತಿಶತ = 52 ಮಿಲಿ, 0.79ರಿಂದ ಗುಣಿಸಿದರೆ 41 ಗ್ರಾಂ ಎಥನಾಲ್. ಬಾಟಲಿಯ 1 ಗ್ರಾಂ ಗ್ಲಿಸರಿನ್ ತೆಗೆಯಲು ಬೋರಲು ಹಾಕುವವರು ಈ 41 ಗ್ರಾಂ ಪೂರ್ತಿ ಕುಡಿದು ಬೆಳಿಗ್ಗೆ ತಲೆನೋವಿಗೆ ಗ್ಲಿಸರಿನ್ ಉಳಿದಿತ್ತು ಅನ್ನುತ್ತಾರೆ. ಆ ತಲೆನೋವಿಗೆ ಖಾಲಿ ಹೊಟ್ಟೆಯಲ್ಲಿ ಪ್ಯಾರಾಸಿಟಮಾಲ್ ಮೇಲೆ ಮೇಲೆ ನುಂಗುವುದೂ ಯಕೃತ್ತಿಗೆ ಒಳ್ಳೆಯದಲ್ಲ.

ಕಿತ್ತಳೆ ವೈನ್:

ಇಷ್ಟೆಲ್ಲ ಓದಿದ ಮೇಲೆ ಕಂಪನಿ ಬಿಯರ್ ಅಮೃತ ಅನ್ನೋ ಹಾಗಿದೆ ಮಾರಾಯ್ರೆ. ಮನೇಲಿ ಹಣ್ಣು, ಸಕ್ಕರೆ, ಯೀಸ್ಟ್ ಬಿಟ್ಟು ಏನೂ ಹಾಕೋದಿಲ್ಲ. ನ್ಯಾಚುರಲ್ ಅಂದ್ರೆ ಅದು.

ಲ್ಯಾಬ್ ಮೇಜು, ಕುಶಾಲನಗರ:

ಅಮೃತ ಎಂದು ನಾನೆಲ್ಲೂ ಬರೆದಿಲ್ಲ, ಮೇಲಿನ 1988ರ ಸಾಲು ಮತ್ತೊಮ್ಮೆ ಓದಿ. ಆದರೆ ‘ನ್ಯಾಚುರಲ್’ ಪದದ ಮೇಲೆ ಅಷ್ಟು ಭಾರ ಹಾಕಬೇಡಿ.

ಮೆಥನಾಲ್ ಲೆಕ್ಕದಲ್ಲಿ ಹಣ್ಣಿನ ವೈನು ಬಿಯರಿಗಿಂತ ಮೇಲಿದೆ. ಅಂತಾರಾಷ್ಟ್ರೀಯ ವೈನ್ ಸಂಘಟನೆ ಕೆಂಪು ವೈನಿಗೆ ಇಟ್ಟಿರುವ ಗಡಿ ಲೀಟರಿಗೆ 400 ಮಿಲಿಗ್ರಾಂ, ಬಿಳಿಗೆ 250. ಕಿತ್ತಳೆ, ಸೀಬೆ, ಪ್ಯಾಶನ್ ಫ್ರೂಟ್ ಪೆಕ್ಟಿನ್ ತುಂಬಿದ ಹಣ್ಣುಗಳು. ಸಿಪ್ಪೆ, ಬಿಳಿ ನಾರು ಸಮೇತ ವಾರಗಟ್ಟಲೆ ನೆನೆಹಾಕಿದರೆ ಮೆಥನಾಲ್ ಹೆಚ್ಚುತ್ತದೆ. ಬೇಗ ತಿಳಿಯಾಗಲಿ ಎಂದು ಪೆಕ್ಟಿನೇಸ್ (ಪೆಕ್ಟಿನ್ ಒಡೆಯುವ ಕಿಣ್ವ) ಪುಡಿ ಹಾಕಿದರೆ ಇನ್ನೂ ಹೆಚ್ಚುತ್ತದೆ. ಸಿಪ್ಪೆ ಸುಲಿದು ರಸ ಮಾತ್ರ ಬಳಸಿ, ತಿರುಳು ಹಾಕಿದ್ದರೆ ನಾಲ್ಕೈದು ದಿನಕ್ಕೆ ಸೋಸಿ ತೆಗೆಯಿರಿ. ಆಗಲೂ ಅದು ವೈನಾಗಿಯೇ ಇರುವವರೆಗೆ ಮೆಥನಾಲ್‌ಗೆ ಹೆದರಬೇಕಿಲ್ಲ. ಅದನ್ನು ಭಟ್ಟಿ ಇಳಿಸಿದರೆ ಕತೆ ಬೇರೆ: ಸಾಂದ್ರವಾಗುತ್ತದೆ, ಮತ್ತು ‘ಮೊದಲು ಇಳಿಯುವುದನ್ನು ಚೆಲ್ಲಿದರೆ ಸಾಕು’ ಎಂಬ ನಂಬಿಕೆ ತಪ್ಪು, ಮೆಥನಾಲ್ ಮೊದಲ ಪಾಲಿನಲ್ಲಷ್ಟೇ ಬಂದು ಮುಗಿಯುವುದಿಲ್ಲ. ಕಾನೂನಿನ ಮಾತೂ ಇದೆ: ಮನೆಯಲ್ಲಿ ಭಟ್ಟಿ ಇಳಿಸುವುದು ಅಪರಾಧ.

ಧಾನ್ಯದ ಮನೆಮದ್ಯ ಮಾಡುವವರು 2015ರ ಜನವರಿಯಲ್ಲಿ ಮೊಜಾಂಬಿಕ್‌ನಲ್ಲಿ ಆದದ್ದನ್ನು ತಿಳಿದಿರಬೇಕು. ಸಾವಿನ ಮನೆಯಲ್ಲಿ ಹಂಚಿದ ಮೆಕ್ಕೆಜೋಳದ ಬಿಯರ್ ಕುಡಿದು 75 ಜನ ಸತ್ತರು. ಮೊಸಳೆಯ ಪಿತ್ತರಸ ಬೆರೆಸಿದ್ದಾರೆ ಎಂದು ಮೊದಲು ಸುದ್ದಿಯಾಯಿತು. ಪರೀಕ್ಷೆಯಲ್ಲಿ ಸಿಕ್ಕಿದ್ದು ಬಾಂಗ್‌ಕ್ರೆಕಿಕ್ ಆಸಿಡ್, ಕೆಟ್ಟ ಹಿಟ್ಟಿನಲ್ಲಿ ಬರ್ಕ್‌ಹೋಲ್ಡೇರಿಯಾ ಗ್ಲಾಡಿಯೋಲಿ ಎಂಬ ಬ್ಯಾಕ್ಟೀರಿಯಾ ಬೆಳೆದು ಮಾಡಿದ ವಿಷ. ಕುದಿಸಿದರೂ ನಾಶವಾಗದು, ಬಣ್ಣವಿಲ್ಲ, ವಾಸನೆಯಿಲ್ಲ. ನೂರಕ್ಕೆ ನೂರು ನ್ಯಾಚುರಲ್. ಮುಗ್ಗಲು ವಾಸನೆ ಹಿಡಿದ ಹಿಟ್ಟು, ಅಕ್ಕಿಯನ್ನು ‘ಹೇಗೂ ಹುದುಗುತ್ತದಲ್ಲ’ ಎಂದು ಬಳಸಲೇಬೇಡಿ. ನಮ್ಮ ಜುಲೈ ತೇವದಲ್ಲಿ ಇದು ಸುಮ್ಮನೆ ಹೇಳುವ ಮಾತಲ್ಲ.

ಕಂಪನಿ ಬಿಯರಿನ ಇತಿಹಾಸದ ದೊಡ್ಡ ಅನಾಹುತಗಳಾದರೋ ಸಹಜ ವಸ್ತುಗಳಿಂದ ಬಂದವಲ್ಲ, ಹೊರಗಿನಿಂದ ಸೇರಿದವು. 1900ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತ ಸಾವಿರಾರು ಜನ ನರದೌರ್ಬಲ್ಯದಿಂದ ಬಿದ್ದರು, ಹಲವರು ಸತ್ತರು. ಬ್ರೂಯಿಂಗ್ ಸಕ್ಕರೆ ತಯಾರಿಸಲು ಬಳಸಿದ ಗಂಧಕಾಮ್ಲದಲ್ಲಿ ಆರ್ಸೆನಿಕ್ ಇತ್ತು. 1965–66ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ನೊರೆ ನಿಲ್ಲಲಿ ಎಂದು ಕೋಬಾಲ್ಟ್ ಲವಣ ಹಾಕಿ ಕುಡುಕರ ಹೃದಯವೇ ಸೋತಿತು. 2020ರ ಜನವರಿಯಲ್ಲಿ ಬ್ರೆಜಿಲ್‌ನಲ್ಲಿ ತಂಪು ಮಾಡುವ ದ್ರವ, ಅಂದರೆ ಡೈಎಥಿಲೀನ್ ಗ್ಲೈಕಾಲ್, ಟ್ಯಾಂಕಿನೊಳಗೆ ಸೋರಿ ಕಿಡ್ನಿ ಹೋಗಿ ಜನ ಸತ್ತರು. ಗ್ಲೈಕಾಲ್ ಬೇರೆ, ಗ್ಲಿಸರಾಲ್ ಬೇರೆ. ಹೆಸರಿನ ಹೋಲಿಕೆಗೆ ಗೊಂದಲ ಮಾಡಿಕೊಳ್ಳಬೇಡಿ. ಮೈಕ್ರೋಬ್ರೂವರಿ ನಡೆಸುವವರು ಚಿಲ್ಲರ್‌ಗೆ ಫುಡ್ ಗ್ರೇಡ್ ಪ್ರೊಪಿಲೀನ್ ಗ್ಲೈಕಾಲ್ ಮಾತ್ರ ಹಾಕಬೇಕು, ಗ್ಲೈಕಾಲ್ ಟ್ಯಾಂಕಿನ ಮಟ್ಟವನ್ನು ದಿನವೂ ಗುರುತು ಹಾಕಬೇಕು. ಮಟ್ಟ ಇಳಿದರೆ ಅದು ಎಲ್ಲಿಗೋ ಹೋಗಿದೆ ಎಂದರ್ಥ.

ಗಾಳಿಬೀಡು ಹೋಂಸ್ಟೇ:

ಮೇಸ್ತ್ರಿಗಳೇ, ಸಕ್ಕರೆ ನೀರಿನ ಪರೀಕ್ಷೆ ಥೇಟ್ ನೀವು ಹೇಳಿದ ಹಾಗೇ ಬಂತು. ಆದ್ರೆ ಗೆಸ್ಟೊಬ್ಬರು ಪಟ್ಟು ಬಿಡ್ತಿಲ್ಲ: ಅವರ ಹತ್ರ ಇರೋ ಇನ್ನೊಂದು ಬ್ರ್ಯಾಂಡಿನಲ್ಲಿ ಎಳೆ ಇಳಿಯೋದೇ ಇಲ್ಲ, ‘ಇದರಲ್ಲಿ ಗ್ಲಿಸರಿನ್ ಇಲ್ಲ, ಅದಕ್ಕೇ ರೇಟು ಜಾಸ್ತಿ’ ಅಂತಾರೆ. ಆ ಬಾಟಲಿ ರೂಮಲ್ಲಿ ಬೆಚ್ಚಗಿತ್ತು, ಲೋಟದ ನೀರು ಫ್ರಿಜ್ಜಿಂದು.

ಕೆಟಲ್ ಮೇಸ್ತ್ರಿ:

ಉತ್ತರ ನೀವೇ ಕೊನೇ ಸಾಲಲ್ಲಿ ಬರೆದಿದ್ದೀರಿ. 5 ಡಿಗ್ರಿ ನೀರು ಲೀಟರಿಗೆ 1000 ಗ್ರಾಂ, 25 ಡಿಗ್ರಿಯದು 997. ಸಾಂದ್ರತೆ 1.006 ಇರೋ ಬಿಯರ್ 25 ಡಿಗ್ರಿಯಲ್ಲಿ 1003 ಗ್ರಾಂ ತೂಗುತ್ತೆ. ತಣ್ಣೀರಿಗೂ ಅದಕ್ಕೂ ವ್ಯತ್ಯಾಸ ಬರೀ 3 ಗ್ರಾಂ, ಎಳೆ ಸೋಮಾರಿಯಾಗಿ ಇಳಿಯುತ್ತೆ. ಅದೇ ಬಿಯರ್ ಫ್ರಿಜ್ಜಿಂದ ತೆಗೆದು ಬೆಚ್ಚಗಿನ ನೀರಲ್ಲಿ ಅದ್ದಿದ್ರೆ ವ್ಯತ್ಯಾಸ 9 ಗ್ರಾಂ, ಸರಸರ ಇಳಿಯುತ್ತೆ. ಮೇಲಾಗಿ ಅದು ‘ಡ್ರೈ’ ಅಂತ ಬರೆದ ಬಿಯರ್ ಆಗಿದ್ರೆ ಉಳಿದ ಸಕ್ಕರೆ ಕಡಿಮೆ, ಸಾಂದ್ರತೆ ನೀರಿನ ಹತ್ತಿರಕ್ಕೇ ಬಂದಿರುತ್ತೆ. ಬೆಚ್ಚಗಿದ್ದಾಗ ಅದು ತಣ್ಣೀರಿಗಿಂತ ಹಗುರ, ಬಾಟಲಿ ಬಿಟ್ಟು ಕದಲೋದೇ ಇಲ್ಲ. ಗ್ಲಿಸರಿನ್ ಅದರಲ್ಲೂ ಅಷ್ಟೇ ಇದೆ.

ಅವರ ಆ ದುಬಾರಿ ಬಾಟಲಿಯನ್ನ ರಾತ್ರಿ ಫ್ರಿಜ್ಜಲ್ಲಿ ಇಡಿಸಿ, ನಾಳೆ ಲೋಟಕ್ಕೆ ಬಚ್ಚಲ ಹಂಡೆಯ ಉಗುರುಬೆಚ್ಚಗಿನ ನೀರು ಹಾಕಿ ಕೊಡಿ. ಎಳೆ ಇಳಿಯುತ್ತೆ.